ಟೂ ಸ್ಟ್ರೋಕ್ ಗಾಡಿ ಮುನಿಸಿಕೊಂಡರೆ

ಯಮಹಾ ಆರ್‌ಎಕ್ಸ್ 100, ಮೈಸೂರಿನ ಯೆಜ್ಡಿ ಎರಡರ ತಯಾರಿಕೆಯೂ 1996ರಲ್ಲೇ ನಿಂತಿತು. ಚಿಕ್ಕೋಡಿ, ನಿಪ್ಪಾಣಿ ಕಡೆಯ ಹೊಲದ ದಾರಿಗಳಲ್ಲಿ ಅವುಗಳ ಸದ್ದು ಮಾತ್ರ ಇನ್ನೂ ಅಡಗಿಲ್ಲ. ನಿನ್ನೆವರೆಗೆ ಚಿಮ್ಮುತ್ತಿದ್ದ ಗಾಡಿ ಏಕಾಏಕಿ ಮುಗ್ಗರಿಸತೊಡಗಿದರೆ ಎಂಜಿನ್ ಬಿಚ್ಚಿಸುವ ಅವಸರ ಬೇಡ. ಮೊದಲು ಪ್ಲಗ್ ತೆಗೆದು ನೋಡಿ.

ತುದಿ ಕಾಫಿ ಬಣ್ಣಕ್ಕಿದ್ದರೆ ಮಿಶ್ರಣ ಸರಿಯಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಇಲ್ಲವೇ ಕಿಡಿ ದುರ್ಬಲ. ಕಬ್ಬಿನ ಹಂಗಾಮಿನಲ್ಲಿ ರಾಯಬಾಗ, ಅಥಣಿ ರಸ್ತೆಗಳ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಆರ್‌ಎಕ್ಸ್‌ನ ಸ್ಪಂಜನ್ನು ತೊಳೆದು, ಒಣಗಿಸಿ, ತುಸು ಎಣ್ಣೆ ಹಚ್ಚಿ ಕೂರಿಸಿದರೆ ಎಷ್ಟೋ ಸಲ ರಿಪೇರಿ ಅಲ್ಲಿಗೇ ಮುಗಿಯಿತು.

ತುದಿ ಬೆಳ್ಳಗಿದ್ದರೆ ಮಾತ್ರ ಗಾಡಿ ಓಡಿಸಲೇಬೇಡಿ; ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿರಬಹುದು.

ಯೆಜ್ಡಿಯ ಪಿಸ್ಟನ್‌ಗೆ ಪೆಟ್ರೋಲ್‌ನಲ್ಲಿ ಬೆರೆಸಿದ ಎಣ್ಣೆಯೇ ಆಧಾರ. ಕಾರ್ಬೋರೇಟರ್‌ನ ಜೆಟ್ ಕಟ್ಟಿಕೊಂಡರೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗುತ್ತದೆ. ಆರ್‌ಎಕ್ಸ್‌ಗೆ ಬೇರೆಯೇ ಎಣ್ಣೆ ಪಂಪ್ ಇದೆ, ಅದನ್ನೂ ನೋಡಿಸಿ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದಿದ್ದರೆ ಕ್ರ್ಯಾಂಕ್ ಸೀಲ್ ಗಾಳಿ ಎಳೆಯುತ್ತಿರಬಹುದು. ಹೊಗೆ ಹೆಚ್ಚಿ ಗೇರ್ ಎಣ್ಣೆ ಕಡಿಮೆಯಾಗುತ್ತಿದ್ದರೆ ಕ್ಲಚ್ ಬದಿಯ ಸೀಲ್ ಮೇಲೆ ಅನುಮಾನವಿರಲಿ. ಸೀಲ್ ಬದಲಿಸುವುದು ಮನೆಯಂಗಳದ ಕೆಲಸವಲ್ಲ, ಮೆಕ್ಯಾನಿಕ್‌ಗೇ ಬಿಡಿ.

ಇನ್ನೊಂದು ಕಿರಿಕಿರಿ ಈ ಭಾಗದ ಬೆಳೆಯಿಂದಲೇ ಬಂದದ್ದು. ಕಾಗವಾಡ ತಾಲ್ಲೂಕಿನ ಉಗಾರದಂಥ ಸಕ್ಕರೆ ಊರುಗಳ ಎಥೆನಾಲ್ ಈಗ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಸೇರುತ್ತಿದೆ. ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನೂ ಕೆಡಿಸಬಲ್ಲದು. ಮಳೆಗಾಲವಿಡೀ ಮೂಲೆಯಲ್ಲಿ ನಿಂತ ಗಾಡಿಯಾದರೆ ಟ್ಯಾಂಕ್, ಕಾರ್ಬೋರೇಟರ್ ಎರಡನ್ನೂ ಬರಿದು ಮಾಡಿ, ಹೊಸ ಪೆಟ್ರೋಲ್ ಹಾಕಿಯೇ ಕಿಕ್ ಹೊಡೆಯಿರಿ.