ಕೆಂಪುನಾರಾಯಣನ ಮುದ್ರಾಮಂಜೂಷ

ಕನ್ನಡ ಗದ್ಯದ ಚರಿತ್ರೆಯನ್ನು ಹೇಳುವಾಗ ವಡ್ಡಾರಾಧನೆಯನ್ನೂ ಹನ್ನೆರಡನೆಯ ಶತಮಾನದ ವಚನಗಳನ್ನೂ ನೆನೆದು, ಅಲ್ಲಿಂದ ಒಮ್ಮೆಗೇ ಮುದ್ದಣನ ಕಾಲಕ್ಕೆ ಬರುವುದು ವಾಡಿಕೆಯಾಗಿದೆ. ಈ ನಡುವಣ ದಾರಿಯಲ್ಲಿ ಒಬ್ಬ ಪಂಡಿತನ ಶ್ರೇಷ್ಠ ಕೃತಿಯೊಂದು ಹಲವರ ಕಣ್ಣಿಗೆ ಬೀಳದೆ ಉಳಿದಿದೆ. ಅದೇ ಕೆಂಪುನಾರಾಯಣನ 'ಮುದ್ರಾಮಂಜೂಷ'.

ಕೆಂಪುನಾರಾಯಣನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದ ವಿದ್ವಾಂಸ. ಆ ಆಸ್ಥಾನದಲ್ಲಿ ಪುರಾಣೇತಿಹಾಸಗಳನ್ನು ಕನ್ನಡ ಗದ್ಯಕ್ಕೆ ತರುವ ಕಾರ್ಯ ನಡೆದಿತ್ತು. ಆದರೆ ಕೆಂಪುನಾರಾಯಣನು ಆರಿಸಿಕೊಂಡುದು ದೇವತೆಗಳ ಮಹಿಮೆಯನ್ನಲ್ಲ, ಮನುಷ್ಯರ ಬುದ್ಧಿಯ ಹೋರಾಟವನ್ನು. ವಿಶಾಖದತ್ತನ ಏಳು ಅಂಕಗಳ ಸಂಸ್ಕೃತ ನಾಟಕ 'ಮುದ್ರಾರಾಕ್ಷಸ'ವನ್ನು ಆಧಾರವಾಗಿಟ್ಟುಕೊಂಡು 1823ರಲ್ಲಿ ಅವನು ತನ್ನ ಗದ್ಯಕೃತಿಯನ್ನು ರಚಿಸಿದನು.

ನಂದರನ್ನು ಅಳಿಸಿ ಚಂದ್ರಗುಪ್ತನಿಗೆ ಪಟ್ಟಗಟ್ಟಿದ ಚಾಣಕ್ಯನಿಗೆ ಇನ್ನೊಂದು ಕಾರ್ಯ ಉಳಿದಿತ್ತು. ನಂದರ ಮಂತ್ರಿಯಾದ ರಾಕ್ಷಸನು ತನ್ನ ಒಡೆಯರು ಅಳಿದ ಮೇಲೂ ಸ್ವಾಮಿಭಕ್ತಿಯನ್ನು ಬಿಟ್ಟಿರಲಿಲ್ಲ. ಇಂಥವನನ್ನು ಕೊಲ್ಲುವುದಕ್ಕಿಂತ ಗೆದ್ದುಕೊಳ್ಳುವುದೇ ರಾಜ್ಯಕ್ಕೆ ಹಿತವೆಂದು ಚಾಣಕ್ಯನು ತಿಳಿದನು. ರಾಕ್ಷಸನ ಮುದ್ರೆಯುಂಗುರ ಅವನ ಕೈಸೇರಿತು. ಆ ಮುದ್ರೆಯೊತ್ತಿದ ಕಪಟಲೇಖದಿಂದ ರಾಕ್ಷಸನಿಗೂ ಅವನ ಮಿತ್ರನಾದ ಮಲಯಕೇತುವಿಗೂ ಒಡಕುಂಟಾಯಿತು. ಕಡೆಗೆ, ತನ್ನ ಸಂಸಾರಕ್ಕೆ ಆಸರೆಯಿತ್ತ ಗೆಳೆಯ ಚಂದನದಾಸನನ್ನು ಶೂಲಕ್ಕೆ ಒಯ್ಯುತ್ತಿರುವರೆಂದು ತಿಳಿದು, ಅವನನ್ನು ಉಳಿಸಲು ರಾಕ್ಷಸನು ತಾನೇ ಶತ್ರುವಿಗೆ ಒಪ್ಪಿಸಿಕೊಂಡನು. ಚಂದ್ರಗುಪ್ತನ ಮಂತ್ರಿಪದವಿಯನ್ನು ಸ್ವೀಕರಿಸಿದನು. ಹೀಗೆ ಚಾಣಕ್ಯನ ತಂತ್ರಕ್ಕೆ ಜಯವೂ ರಾಕ್ಷಸನ ಸ್ನೇಹಕ್ಕೆ ಹಿರಿಮೆಯೂ ಒಟ್ಟಿಗೇ ದೊರೆತವು.

ನಾಟಕದಲ್ಲಿ ಪಾತ್ರಗಳು ಎದುರಿಗೆ ನಿಂತು ಮಾತನಾಡುತ್ತವೆ. ಗದ್ಯದಲ್ಲಾದರೋ ಸ್ಥಳ, ಸನ್ನಿವೇಶ, ಒಳಮನಸ್ಸಿನ ಆಲೋಚನೆಗಳೆಲ್ಲವನ್ನೂ ಮಾತಿನಿಂದಲೇ ಮೂಡಿಸಬೇಕು. ಇಷ್ಟು ತೊಡಕಾದ ಕಥೆಯನ್ನು ಛಂದಸ್ಸಿನ ನೆರವಿಲ್ಲದೆ ನಡೆಸಬಹುದೆಂದು ಕೆಂಪುನಾರಾಯಣನು ತೋರಿಸಿದನು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪ್ರಕಟವಾದುದು 1899ರಲ್ಲಿ. ಅದಕ್ಕಿಂತ 76 ವರ್ಷ ಮೊದಲೇ ಈ ಪ್ರಯತ್ನ ನಡೆದಿತ್ತೆಂಬುದು ಗಮನಾರ್ಹ.

ಹೀಗಿದ್ದೂ ಈ ಕೃತಿ ಮರೆಯಾದುದೇಕೆ? ಹಳಗನ್ನಡ ನಡುಗನ್ನಡಗಳು ಬೆರೆತ, ಸಂಸ್ಕೃತ ಪದಗಳು ತುಂಬಿದ ಅದರ ಶೈಲಿ ಹೊಸಗಾಲದ ಓದುಗರಿಗೆ ಕಠಿನವೆನಿಸಿತು. ಕಾದಂಬರಿಯನ್ನು ಬಯಸಿದವರಿಗೆ ಅದು ಹಳೆಯದಾಗಿ ಕಂಡಿತು. ಕಾವ್ಯವನ್ನು ಬಯಸಿದವರಿಗೆ ಅದರಲ್ಲಿ ಪದ್ಯದ ಸೊಗಸು ಸಿಗಲಿಲ್ಲ. ಎರಡು ಯುಗಗಳ ಹೊಸ್ತಿಲಲ್ಲಿ ನಿಂತವರಿಗೆ ಒದಗುವ ಪಾಡು ಇದು. ಆದರೆ ಹೊಸ್ತಿಲನ್ನು ದಾಟದೆ ಯಾರೂ ಒಳಮನೆಯನ್ನು ಸೇರಲಾರರು. ನಮ್ಮ ಗದ್ಯ ನಡೆದುಬಂದ ದಾರಿಯನ್ನು ಅರಿಯಬೇಕೆನ್ನುವವರು ಮುದ್ರಾಮಂಜೂಷವನ್ನು ತೆರೆದು ನೋಡಲೇಬೇಕು.