ಚಳಿಯ ಲೆಕ್ಕವನ್ನು ನಸುಕಿಗೆ ಹಾಕಿ

ಗೊಳಸಂಗಿಯ ಮಕ್ಕಳೇ,

ಈ ಚಳಿಗಾಲಕ್ಕೆ ಹಿಮಾಲಯ ಹತ್ತಲು ಹೊರಟಿದ್ದೀರಿ ಎಂದು ಕೇಳಿ ಹಿಗ್ಗಾಯಿತು. ಎರೆಹೊಲದ ಬದು ತುಳಿದು ಬೆಳೆದ ಕಾಲುಗಳು ಉತ್ತರಾಖಂಡದ ಕೇದಾರಕಂಠವನ್ನೂ ಹತ್ತಿ ಬರಲಿ. ಬೂಟು, ಜಾಕೆಟ್ಟು, ಕ್ಯಾಮೆರಾ ಎಲ್ಲದರ ಬಗ್ಗೆ ನಿಮ್ಮಲ್ಲಿ ಚರ್ಚೆ ನಡೆದಿದೆಯಂತೆ. ರಾತ್ರಿ ಹೊಕ್ಕು ಮಲಗುವ ಸ್ಲೀಪಿಂಗ್ ಬ್ಯಾಗಿನ ಮಾತು ಬಂದಾಗ ಮಾತ್ರ ‘ಯಾವುದಾದರೂ ಒಂದು ನಡೀತದ’ ಅಂದಿರಂತೆ. ಅದೊಂದು ಮಾತಿಗಾಗಿ ಇಷ್ಟು ಬರೆಯುತ್ತಿದ್ದೇನೆ. ನಡೆಯುವವನನ್ನು ಥಂಡಿ ಅಷ್ಟಾಗಿ ಕಾಡುವುದಿಲ್ಲ, ಮಲಗಿದವನನ್ನು ಬಿಡುವುದಿಲ್ಲ.

ನಮಗೆ ಚಳಿ ಹೊಸದಲ್ಲ ಎಂದು ನೀವು ಹೇಳಬಹುದು. ನಿಜ. ಹಿಂಗಾರಿ ಜೋಳ ತೆನೆ ಕಟ್ಟುವ ಹೊತ್ತಿಗೆ ಬಸವನ ಬಾಗೇವಾಡಿ ಸೀಮೆಯಲ್ಲಿ ಹೊಲದಲ್ಲಿ ಮಲಗಿದವರಿಗೆಲ್ಲ ಅದರ ಪರಿಚಯವಿದೆ. ಡಿಸೆಂಬರ್, ಜನವರಿಯ ಕೆಲವು ನಸುಕುಗಳಲ್ಲಿ ವಿಜಯಪುರದ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಅಂಥ ರಾತ್ರಿ ನಮ್ಮ ಬಯಲು ಕಲಿಸುವ ಪಾಠವೊಂದಿದೆ. ಹೊತ್ತು ಮುಳುಗಿದಾಗ ಇರುವ ಚಳಿ ಚಳಿಯೇ ಅಲ್ಲ. ಮೋಡವಿಲ್ಲದ ಆಕಾಶದ ಕೆಳಗೆ ನೆಲ ತನ್ನ ಕಾವನ್ನು ರಾತ್ರಿಯಿಡೀ ಬಿಟ್ಟುಕೊಡುತ್ತಲೇ ಇರುತ್ತದೆ, ಅತಿ ಥಂಡಿಯ ಗಳಿಗೆ ಬರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಭಾರವಾದ ತಂಪು ಗಾಳಿ ಹರಿದು ಹಳ್ಳದಲ್ಲಿ ನಿಲ್ಲುತ್ತದೆ. ಅದಕ್ಕೇ ಹಳ್ಳದ ದಂಡೆಯಲ್ಲಿ ಮಲಗಿದವನಿಗಿಂತ ದಿಬ್ಬದ ಮೇಲೆ ಮಲಗಿದವನು ಸುಖಿ. ಹೊದಿಕೆ ಆರಿಸುವಾಗ ಸಂಜೆಯನ್ನು ನೆನೆಯಬೇಡಿ, ನಸುಕನ್ನು ನೆನೆಯಿರಿ.

ಈಗ ಇದೇ ಲೆಕ್ಕವನ್ನು ಬೆಟ್ಟಕ್ಕೆ ಹಚ್ಚಿ ನೋಡಿ. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕೇದಾರಕಂಠದ ಶಿಖರ ಸುಮಾರು 3,800 ಮೀಟರ್, ಅದರ ಕೆಳಗಿನ ಡೇರೆಗಳು 3,400 ಮೀಟರಿನ ಆಸುಪಾಸಿನಲ್ಲಿ ಇರುತ್ತವೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಬರೀ ಎತ್ತರಕ್ಕೇ 18 ಡಿಗ್ರಿ ಹೋಯಿತು. ನಮ್ಮಲ್ಲಿ 10 ಡಿಗ್ರಿ ಇರುವ ನಸುಕಿನಲ್ಲಿ ಅಲ್ಲಿ ಸೊನ್ನೆಗಿಂತ 8 ಡಿಗ್ರಿ ಕೆಳಗೆ. ಉತ್ತರಕ್ಕೆ ಹೋದಷ್ಟೂ ಹೆಚ್ಚುವ ಚಳಿ, ಹಿಮ, ಗಾಳಿ ಇನ್ನೂ ಬೇರೆ. ಹೊಲದ ರಾತ್ರಿ ತಡೆದುಕೊಂಡ ಮೈ ಅಲ್ಲಿಯೂ ತಡೆದುಕೊಳ್ಳುತ್ತದೆ ಎಂಬ ಧೈರ್ಯ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಯಾವ ಹೊದಿಕೆಯೂ ಕಾವು ಹುಟ್ಟಿಸುವುದಿಲ್ಲ. ಕಾವು ನಿಮ್ಮ ಮೈಯದು. ಹೊದಿಕೆಯ ಕೆಲಸ ಗಾಳಿಯನ್ನು ಅಲುಗಾಡದಂತೆ ಹಿಡಿದಿಟ್ಟು ಆ ಕಾವು ಸೋರದಂತೆ ನೋಡಿಕೊಳ್ಳುವುದು. ನಮ್ಮ ಮನೆಯ ಹೊದಿಕೆಗಳನ್ನೇ ತೆಗೆದುಕೊಳ್ಳಿ. ಕೌದಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದದ್ದು. ಅದು ಹತ್ತಿ. ಒಣಗಿದ್ದಾಗ ಅದರಂಥ ಸುಖ ಇನ್ನೊಂದಿಲ್ಲ, ನೆನೆದರೆ ಮಾತ್ರ ಮೈಯ ಕಾವನ್ನೇ ಹೀರುತ್ತದೆ, ಬೇಗ ಒಣಗುವುದೂ ಇಲ್ಲ. ಕುರಿಗಾರರ ಕಂಬಳಿ ಬೇರೆ ಜಾತಿಯದು. ದಖ್ಖನಿ ಕುರಿಯ ಒರಟು ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಹಸಿ ಅನಿಸುವುದಿಲ್ಲ, ಬೆಚ್ಚಗೇ ಇರುತ್ತದೆ. ಹುಣಸೆ ಬೀಜದ ಗಂಜಿ ಕುಡಿಸಿದ ಕಂಬಳಿ ಗಾಳಿಯನ್ನೂ ಸಣ್ಣ ಮಳೆಯನ್ನೂ ತಡೆಯುತ್ತದೆ. ಹೊಲದಲ್ಲಿ ಕುರಿ ತರುಬಿ ಬಯಲಲ್ಲೇ ರಾತ್ರಿ ಕಳೆಯುವ ಹಾಲುಮತದವರು ಕಂಬಳಿಯನ್ನು ಸುಮ್ಮನೆ ಹೆಗಲಿಗೆ ಹಾಕಿಕೊಂಡವರಲ್ಲ. ಆದರೆ ಹಿಮದ ರಾತ್ರಿಗೆ ಸಾಕಾಗುವಷ್ಟು ಕಂಬಳಿಗಳನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಲಾಗದು. ಅಲ್ಲಿ ಸ್ಲೀಪಿಂಗ್ ಬ್ಯಾಗ್ ಬೇಕು.

ಬ್ಯಾಗುಗಳಲ್ಲಿ ಎರಡು ಬಗೆ. ಒಂದರಲ್ಲಿ ಬಾತುಕೋಳಿ, ಹೆಬ್ಬಾತುಗಳ ನವಿರು ಪುಕ್ಕ ತುಂಬಿರುತ್ತದೆ, ಅದನ್ನು ಡೌನ್ ಎನ್ನುತ್ತಾರೆ. ಇನ್ನೊಂದು ಸಿಂಥೆಟಿಕ್, ಅಂದರೆ ಪಾಲಿಯೆಸ್ಟರ್ ಎಳೆಗಳದ್ದು. ಡೌನ್ ಹಗುರ, ಹಿಂಡಿದರೆ ಸಣ್ಣ ಗಂಟಾಗುತ್ತದೆ, ಚೆನ್ನಾಗಿ ನೋಡಿಕೊಂಡರೆ ಬಹಳ ವರ್ಷ ಬಾಳುತ್ತದೆ. ಆದರೆ ನೆನೆದ ಪುಕ್ಕ ಮುದ್ದೆಯಾಗಿ ಕೂರುತ್ತದೆ. ಗಾಳಿ ಹಿಡಿದಿಡುವ ಜಾಗವೇ ಹೋದಮೇಲೆ ಅದು ಬರೀ ಬಟ್ಟೆ. ಸಿಂಥೆಟಿಕ್ ಎಳೆ ನೀರನ್ನು ಹೀರುವುದಿಲ್ಲ. ತೇವವಾದರೂ ಉಬ್ಬನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಪುಕ್ಕ ನೆನೆದರೆ ಕೆಲಸಕ್ಕೆ ಬಾರದೆಂಬ ಕಾರಣಕ್ಕೇ 1980ರ ದಶಕದಲ್ಲಿ ಅಮೆರಿಕದ ಸೈನ್ಯ ಬದಲಿ ಎಳೆ ಕೇಳಿತು, ಪ್ರೈಮಾಲಾಫ್ಟ್ ಹುಟ್ಟಿದ್ದು ಹಾಗೆ. ಸಿಂಥೆಟಿಕ್‌ಗೆ ಎರಡು ದೋಷಗಳಿವೆ. ಅಷ್ಟೇ ಬೆಚ್ಚಗಿರಬೇಕಾದರೆ ತೂಕ ಹೆಚ್ಚು, ಗಾತ್ರವೂ ಹೆಚ್ಚು. ಮತ್ತೆ ಮತ್ತೆ ಹಿಂಡಿ ತುಂಬಿದರೆ ಎಳೆಗಳು ಬಾಗಿ ಉಬ್ಬು ಕಳೆದುಕೊಳ್ಳುತ್ತವೆ.

ಮೊದಲ ಸಲ ಹೊರಟ ನಿಮಗೆ ಸಿಂಥೆಟಿಕ್ಕೇ ಸರಿ ಎಂದು ನಾನು ಹೇಳುವುದು ತೇವದ ಕಾರಣಕ್ಕೆ. ಒಂದು ಡೇರೆಯಲ್ಲಿ ಮೂವರು ಮಲಗಿದರೆ ಮೂವರ ಉಸಿರೂ ರಾತ್ರಿಯಿಡೀ ಡೇರೆಯ ಗೋಡೆಗೆ ತಗಲಿ ಹನಿಯಾಗುತ್ತದೆ. ನಸುಕಿನಲ್ಲಿ ಆ ಹನಿ ಕಾಲ ಕಡೆಯಿಂದ ಬ್ಯಾಗನ್ನು ತೋಯಿಸುತ್ತದೆ. ಬೂಟಿನ ಹಿಮ ಒಳಗೇ ಕರಗುತ್ತದೆ. ಕರ್ನಾಟಕದ ಬೆಟ್ಟಗಳಲ್ಲೂ ಇದೇ ಕಥೆ. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಾಗಲಿ ಕುದುರೆಮುಖದ ಸೀಮೆಯಲ್ಲಾಗಲಿ ಹಿಮವಿಲ್ಲ, ಆದರೆ ಮಂಜು ಮತ್ತು ಇಬ್ಬನಿ ಎಲ್ಲವನ್ನೂ ನೆನೆಸುತ್ತವೆ. ಹೊಸಬರ ಕೈಯಲ್ಲಿ ಸಾಮಾನು ಒದ್ದೆಯಾಗುವುದು ಸಹಜ. ಅದನ್ನು ತಾಳಿಕೊಳ್ಳುವ ಹೊದಿಕೆಯೇ ಹೊಸಬರಿಗೆ ಸರಿಯಾದದ್ದು.

ಇನ್ನು ಚೀಟಿ ಓದುವುದನ್ನು ಕಲಿಯಿರಿ. ಒಳ್ಳೆಯ ಬ್ಯಾಗಿನ ಮೇಲೆ ಐಎಸ್‌ಒ 23537 ಎಂದೋ ಹಳೆಯದಾದರೆ ಇಎನ್ 13537 ಎಂದೋ ಇರುತ್ತದೆ. ಕಾವು ಕೊಡುವ ಗೊಂಬೆಯನ್ನು ಬ್ಯಾಗಿನೊಳಗೆ ಮಲಗಿಸಿ ಅಳೆದ ಅಂಕಿಗಳು ಅವು. ಕಂಫರ್ಟ್ ಎಂಬ ಅಂಕಿ, ಮೈ ಸಡಿಲ ಬಿಟ್ಟು ಮಲಗಿದ ಸಾಮಾನ್ಯ ಹೆಂಗಸಿಗೆ ಚಳಿಯಾಗದ ಮಟ್ಟ. ಲಿಮಿಟ್ ಎಂಬುದು, ಸಾಮಾನ್ಯ ಗಂಡಸು ಮುದುಡಿಕೊಂಡು 8 ತಾಸು ಮಲಗಬಲ್ಲ ಮಟ್ಟ. ಎಕ್ಸ್‌ಟ್ರೀಮ್ ಎಂಬುದು ನಿದ್ದೆಯ ಅಂಕಿಯೇ ಅಲ್ಲ, 6 ತಾಸು ಹೇಗೋ ಜೀವ ಹಿಡಿದಿರಬಹುದಾದ ಮಟ್ಟ, ಅಷ್ಟರಲ್ಲೇ ಮೈ ತಣ್ಣಗಾಗುವ ಅಪಾಯವೂ ಇರುತ್ತದೆ. ಅಂಗಡಿಯ ಫಲಕದ ಮೇಲೆ ದೊಡ್ಡ ಅಕ್ಷರದಲ್ಲಿ ‘ಮೈನಸ್ 10’ ಎಂದು ಬರೆದಿದ್ದರೆ ಅದು ಮೂರರಲ್ಲಿ ಯಾವುದು ಎಂದು ಕೇಳಿ. ಉತ್ತರ ಬಾರದಿದ್ದರೆ ಆ ಬ್ಯಾಗನ್ನು ಅಲ್ಲೇ ಇಟ್ಟು ಬನ್ನಿ. ಹುಡುಗರಾಗಲಿ ಹುಡುಗಿಯರಾಗಲಿ ಕಂಫರ್ಟ್ ಅಂಕಿಯನ್ನೇ ನಂಬಿ. ಹೋಗುವ ಜಾಗದ ನಸುಕಿನ ಚಳಿಗಿಂತ ಅದು ಐದು ಡಿಗ್ರಿಯಾದರೂ ಕೆಳಗಿರಲಿ. ತೆಳ್ಳಗಿನವರಿಗೆ, ದಣಿದವರಿಗೆ, ಹಸಿದವರಿಗೆ ಚಳಿ ಹೆಚ್ಚು. ಬೆಟ್ಟದ ಮೇಲೆ ಎಲ್ಲರೂ ದಣಿದವರೇ.

ಅಂಗಡಿಯಲ್ಲಿ ನಾಚಿಕೆ ಬೇಡ. ಬ್ಯಾಗನ್ನು ಚೀಲದಿಂದ ತೆಗೆಸಿ, ಕೊಡವಿ, ಸ್ವಲ್ಪ ಹೊತ್ತು ಹರಡಿಡಿ. ಒಂದು ಪದರವನ್ನು ಬೆಳಕಿಗೆ ಹಿಡಿದು ನೋಡಿ. ಎಳೆ ಸರಿದು ತೆಳ್ಳಗಾದ ಕಡೆ ಬೆಳಕು ಕಾಣುತ್ತದೆ, ಥಂಡಿ ಬರುವುದೂ ಅಲ್ಲಿಂದಲೇ. ಹೊರಗಿನ ಹೊಲಿಗೆ ಒಳಗಿನವರೆಗೂ ತೂರಿ ಬಂದಿದ್ದರೆ ಆ ಗೆರೆಯುದ್ದಕ್ಕೂ ಎಳೆಯೇ ಇರುವುದಿಲ್ಲ. ಎರಡು ಪದರ ಇಟ್ಟು ಹೊಲಿಗೆಗಳು ಒಂದರ ಮೇಲೊಂದು ಬಾರದಂತೆ ಮಾಡಿದ್ದು ಒಳ್ಳೆಯದು. ಜಿಪ್ಪಿನ ಹಿಂದೆ ಎಳೆ ತುಂಬಿದ ಪಟ್ಟಿ ಇದೆಯೇ, ಭುಜದ ಹತ್ತಿರ ಕೊರಳಪಟ್ಟಿ ಇದೆಯೇ, ತಲೆಗೆ ಮುಸುಕು ಇದೆಯೇ ನೋಡಿ. ಆಮೇಲೆ ಒಳಗೆ ಹೊಕ್ಕು ಮಲಗಿ, ಒಳಗಿನಿಂದ ಒಂದೇ ಕೈಯಲ್ಲಿ ಜಿಪ್ಪು ಎಳೆಯಿರಿ. ಕಾಲ ಬೆರಳು ತುದಿಗೆ ಒತ್ತಿದರೆ ಅಲ್ಲಿ ಎಳೆ ಚಪ್ಪಟೆಯಾಗಿ ಪಾದ ಕೊರೆಯುತ್ತದೆ. ಬಹಳ ಸಡಿಲವಿದ್ದರೆ ಖಾಲಿ ಜಾಗ ಕಾಯಿಸುವ ಕೆಲಸವೂ ನಿಮ್ಮ ಮೈಗೇ ಬೀಳುತ್ತದೆ. ಭುಜ ಅಗಲ, ಕಾಲಿನತ್ತ ಕಿರಿದಾಗುವ ಮಮ್ಮಿ ಆಕಾರ ಹಿಮಕ್ಕೆ ಸರಿ. ಚೌಕನೆಯದು ಬೇಸಿಗೆಯ ಬಯಲಿಗೆ ಇರಲಿ. ಬಾಡಿಗೆಗೆ ತರುವುದಾದರೆ ಇಷ್ಟೆಲ್ಲ ಪರೀಕ್ಷೆ ಇನ್ನೂ ಹೆಚ್ಚು ಬೇಕು, ಬಾಡಿಗೆಯ ಬ್ಯಾಗು ಎಷ್ಟು ಸಲ ಹಿಂಡಿಸಿಕೊಂಡಿದೆಯೋ ಯಾರಿಗೆ ಗೊತ್ತು. ಮುಷ್ಟಿಯಲ್ಲಿ ಅಮುಕಿ ಬಿಟ್ಟರೆ ಮತ್ತೆ ಮೇಲೇಳಬೇಕು. ಏಳದಿದ್ದರೆ ಬೇಡ.

ಬ್ಯಾಗಿಗೆ ಹಣ ಸುರಿದು ಕೆಳಗಿನ ಹಾಸನ್ನು ಮರೆಯುವವರು ಬಹಳ. ನಿಮ್ಮ ಭಾರಕ್ಕೆ ಬೆನ್ನ ಕೆಳಗಿನ ಎಳೆ ಚಪ್ಪಟೆಯಾಗುತ್ತದೆ, ಅಲ್ಲಿ ಬ್ಯಾಗು ಇದ್ದೂ ಇಲ್ಲ. ನೆಲದ ಥಂಡಿ ತಡೆಯುವುದು ಹಾಸೇ. ಹಾಸಿನ ಮೇಲೆ ಆರ್-ವ್ಯಾಲ್ಯೂ ಎಂಬ ಅಂಕಿ ಇರುತ್ತದೆ, ಹೆಚ್ಚಿದ್ದಷ್ಟೂ ತಡೆ ಹೆಚ್ಚು. ಸಾಮಾನ್ಯ ಫೋಮ್ ಹಾಸು 2ರ ಸುಮಾರಿಗೆ ಇರುತ್ತದೆ, ಹಿಮದ ಮೇಲೆ 4, 5 ಬೇಕು. ಒಂದರ ಮೇಲೊಂದು ಎರಡು ಹಾಸು ಹಾಕಿದರೆ ಅಂಕಿಗಳು ಕೂಡಿಕೊಳ್ಳುತ್ತವೆ. ದುಡ್ಡು ಕಡಿಮೆ ಇದ್ದವರು ಎರಡು ಫೋಮ್ ಹಾಸು ಒಯ್ಯಿರಿ.

ರಾತ್ರಿ ಹೊಟ್ಟೆ ತುಂಬ ಊಟ ಮಾಡಿ ಮಲಗಿ, ಮೈಯ ಒಲೆಗೆ ಅದೇ ಸೌದೆ. ನಮ್ಮ ಶೇಂಗಾ ಹೋಳಿಗೆ, ಎಳ್ಳು ಬೆಲ್ಲ ಚೀಲದಲ್ಲಿರಲಿ. ಬೆವರಿದ ಬಟ್ಟೆ ಬಿಚ್ಚಿ ಒಣ ಬಟ್ಟೆ, ಒಣ ಕಾಲುಚೀಲ, ಉಣ್ಣೆ ಟೊಪ್ಪಿಗೆ ಹಾಕಿ. ಮುಖ ಒಳಗೆ ಹುದುಗಿಸಿ ಉಸಿರಾಡಬೇಡಿ, ಉಸಿರಿನ ನೀರು ಬ್ಯಾಗಿಗೇ ಇಳಿಯುತ್ತದೆ. ಮೂತ್ರ ಬಂದರೆ ಥಂಡಿಗೆ ಅಂಜಿ ತಡೆದುಕೊಳ್ಳದೆ ಎದ್ದು ಹೋಗಿ ಬನ್ನಿ. ಬೆಂಕಿಯ ಹತ್ತಿರ ಬ್ಯಾಗು ಒಯ್ಯಬೇಡಿ. ಕಿಡಿ ಬಿದ್ದ ಉಣ್ಣೆ ಕರಟಿ ಆರುತ್ತದೆ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಊರಿಗೆ ಬಂದಮೇಲೆ ಹಿಂಡಿ ತುಂಬಿದ ಚೀಲದಲ್ಲೇ ಬ್ಯಾಗನ್ನು ಇಡದೆ ಗಳುವಿಗೆ ತೂಗುಹಾಕಿ, ಇಲ್ಲವೇ ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿಡಿ. ಸೌಮ್ಯ ಸೋಪಿನಲ್ಲಿ ತೊಳೆಯಿರಿ, ಇಸ್ತ್ರಿ ಮುಟ್ಟಿಸಬೇಡಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಬೆಂಗಳೂರಿನಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಬೆಟ್ಟ ಹತ್ತಿ ಪಳಗಿದವರಿದ್ದರು, ತಿಂಗಳು ನಮ್ಮಲ್ಲಿ ಮುಂಗಾರು ಕಾಯುವ ಜೂನ್. ಬೆಟ್ಟ ಯಾರ ಅನುಭವಕ್ಕೂ ರಿಯಾಯಿತಿ ಕೊಡುವುದಿಲ್ಲ. ಒಳ್ಳೆಯ ಬ್ಯಾಗು ಡೇರೆಯಲ್ಲಿದ್ದು ನೀವು ಬಯಲಲ್ಲಿದ್ದರೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಹವಾಮಾನ ಕೆಟ್ಟರೆ ಹಿಂದಿರುಗುವ ಬುದ್ಧಿಯೂ ನಿಮ್ಮ ಸಾಮಾನಿನಲ್ಲಿರಲಿ. ಜೊತೆಗಾರನ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ಮೈಯೊಳಗಿನ ಕಾವು 35 ಡಿಗ್ರಿಗಿಂತ ಕೆಳಗೆ ಇಳಿದಿರುವ ಗುರುತು. ತಕ್ಷಣ ಗಾಳಿ ಮರೆ ಮಾಡಿ, ಒಣ ಬಟ್ಟೆ ತೊಡಿಸಿ, ಬ್ಯಾಗಿನೊಳಗೆ ಸೇರಿಸಿ, ಎಚ್ಚರವಿದ್ದು ನುಂಗಬಲ್ಲನಾದರೆ ಬಿಸಿ ಸಿಹಿ ನೀರು ಕುಡಿಸಿ, ನೆರವು ಕರೆಯಿರಿ. ಸಾರಾಯಿ ಬೆಚ್ಚಗಿಡುತ್ತದೆ ಎಂಬುದು ಸುಳ್ಳು. ಅದು ಚರ್ಮಕ್ಕೆ ರಕ್ತ ನುಗ್ಗಿಸಿ ಒಳಗಿನ ಕಾವನ್ನು ಹೊರಗೆ ಚೆಲ್ಲುತ್ತದೆ.

ನಿಮ್ಮಲ್ಲಿ ಕೆಲವರ ಕೈಯಲ್ಲಿ ದುಡ್ಡಿದೆ, ಕೆಲವರ ಕೈಯಲ್ಲಿ ಇಲ್ಲ. ಒಬ್ಬನ ಬ್ಯಾಗು ತೆಳ್ಳಗಿದ್ದರೆ ತಂಡದ ಲೆಕ್ಕವೇ ತಪ್ಪಿದಂತೆ. ನಾಲ್ಕು ಜನ ಸೇರಿ ಆ ಕೊರತೆ ತುಂಬಿ, ಇಲ್ಲವೇ ಆ ಹುಡುಗನ ಬ್ಯಾಗು ತಡೆಯುವಷ್ಟೇ ಎತ್ತರದಲ್ಲಿ ಎಲ್ಲರೂ ತಂಗಿ. ಅತಿ ಕಡಿಮೆ ಹೊದಿಕೆ ಇರುವವನನ್ನು ನೋಡಿ ದಾರಿ ಆರಿಸಿದ ತಂಡ ಇಡಿಯಾಗಿ ಮರಳಿ ಬರುತ್ತದೆ.

ಕೊಂಡ ಮೇಲೆ ಒಂದು ಕೆಲಸ ಮಾಡಿ. ಹೊರಡುವ ಮೊದಲು, ಚಳಿ ಹೆಚ್ಚಿದ ಒಂದು ರಾತ್ರಿ, ನಿಮ್ಮ ಮನೆಯ ಮಾಳಿಗೆಯ ಮೇಲೆ ಅದೇ ಹಾಸು, ಅದೇ ಬ್ಯಾಗು, ಅದೇ ಬಟ್ಟೆಯಲ್ಲಿ ನಸುಕಿನವರೆಗೆ ಮಲಗಿ. ಇಲ್ಲಿಯ 10 ಡಿಗ್ರಿಯಲ್ಲೇ ಮುದುಡಿಕೊಂಡು ಎದ್ದರೆ ಅಲ್ಲಿಯ ರಾತ್ರಿ ಅದರಿಂದ ಆಗದು ಎಂದು ತಿಳಿಯಿರಿ, ಬದಲಿಸಿ. ಇಲ್ಲಿ ಬೆಚ್ಚಗೆ ಎದ್ದರೂ ಅಲ್ಲಿಗೆ ಸಾಕು ಎಂದು ತೀರ್ಮಾನಿಸಬೇಡಿ, ಅದಕ್ಕೆ ಚೀಟಿಯ ಕಂಫರ್ಟ್ ಅಂಕಿಯೇ ಪ್ರಮಾಣ. ಮಾಳಿಗೆಯ ರಾತ್ರಿ ತೋರಿಸುವುದು ಸಿಕ್ಕುವ ಜಿಪ್ಪು, ಚಿಕ್ಕದಾದ ಉದ್ದ, ತೆಳ್ಳಗಿನ ಹಾಸುಗಳನ್ನು. ಅವನ್ನು ಊರಲ್ಲಿದ್ದಾಗ ಸರಿಪಡಿಸಬಹುದು, ಬೆಟ್ಟದ ಮೇಲೆ ಆಗದು. ಈ ಒಂದು ರಾತ್ರಿಯನ್ನು ಉಳಿಸಲು ಹೋಗಬೇಡಿ. ಅದನ್ನು ಮುಗಿಸಿದ ಮೇಲೆ ಟಿಕೆಟ್ ತೆಗೆಸಿ.