ಹೆಸರು ಹೇಳದವರ ಕಥೆ: ‘ರೋಮ್, ತೆರೆದ ನಗರ’

ಯುದ್ಧಕಾಲದಲ್ಲಿ ‘ತೆರೆದ ನಗರ’ವೆಂದರೆ ಏನು? ಈ ನಗರದಲ್ಲಿ ನಾವು ಕಾದುವುದಿಲ್ಲ, ಆದುದರಿಂದ ಇದರ ಮೇಲೆ ಯಾರೂ ಬಾಂಬು ಹಾಕಬಾರದು ಎಂದು ಸಾರಿದ ಊರು. 1943ರ ಆಗಸ್ಟ್ 14ರಂದು ಇಟಲಿಯ ಸರಕಾರವು ರೋಮ್ ನಗರವನ್ನು ಹೀಗೆ ಸಾರಿತು. ಮರುತಿಂಗಳು ಇಟಲಿಯು ಮಿತ್ರರಾಷ್ಟ್ರಗಳಿಗೆ ಶರಣಾಗಲು, ಜರ್ಮನ್ ಸೈನ್ಯವು ರೋಮನ್ನು ಆಕ್ರಮಿಸಿತು. 1944ರ ಜೂನ್ 4ರ ವರೆಗೆ ಅಲ್ಲಿ ಅವರದೇ ದರ್ಬಾರು. ಆ ದಿನಗಳನ್ನು ಕುರಿತು ರೊಬೆರ್ಟೊ ರೊಸೆಲ್ಲಿನಿಯವರು ನಿರ್ದೇಶಿಸಿದ ಚಲನಚಿತ್ರವೇ ‘ರೋಮ್, ತೆರೆದ ನಗರ’. ಇದು 1945ರಲ್ಲಿ ತೆರೆಕಂಡಿತು.

ಚಿತ್ರೀಕರಣ ಆರಂಭವಾದಾಗ ಇಟಲಿಯ ಉತ್ತರ ಭಾಗದಲ್ಲಿ ಯುದ್ಧವಿನ್ನೂ ನಿಂತಿರಲಿಲ್ಲ. ಹಣವಿರಲಿಲ್ಲ, ಫಿಲ್ಮಿನ ಸುರುಳಿಗಳಿಗೂ ಬರ. ಹಲವು ದೃಶ್ಯಗಳನ್ನು ರೋಮಿನ ನಿಜವಾದ ಬೀದಿಗಳಲ್ಲೇ ತೆಗೆದರು. ಧ್ವನಿಯನ್ನು ಆಮೇಲೆ ಜೋಡಿಸಿದರು. ಈ ಬಗೆಯ ಚಿತ್ರಗಳಿಗೆ ‘ನವವಾಸ್ತವವಾದ’ವೆಂಬ ಹೆಸರು ಬಂತು.

ಕಥೆಯಲ್ಲಿ ರಾಜರಿಲ್ಲ, ಸೇನಾಪತಿಗಳಿಲ್ಲ. ಪೀನಾ ಎಂಬ ವಿಧವೆ, ರಹಸ್ಯ ಪತ್ರಿಕೆಯನ್ನು ಅಚ್ಚುಮಾಡುವ ಫ್ರಾಂಚೆಸ್ಕೊ, ಪ್ರತಿರೋಧ ಚಳವಳಿಯ ಮುಂದಾಳು ಮಾನ್‌ಫ್ರೆಡಿ, ಅವರಿಗೆ ನೆರವಾಗುವ ಪಾದ್ರಿ ಡಾನ್ ಪಿಯೆತ್ರೊ; ಇವರೇ ನಾಯಕರು. ಮದುವೆಯ ದಿನವೇ ಫ್ರಾಂಚೆಸ್ಕೊನನ್ನು ಹಿಡಿದೊಯ್ಯುತ್ತಾರೆ. ಲಾರಿಯ ಹಿಂದೆ ಕೂಗುತ್ತ ಓಡಿದ ಪೀನಾ, ಮಗನ ಕಣ್ಣೆದುರೇ ಗುಂಡಿಗೆ ಬಲಿಯಾಗುತ್ತಾಳೆ. ಈ ದೃಶ್ಯಕ್ಕೆ ಪ್ರೇರಣೆ 1944ರ ಮಾರ್ಚಿಯಲ್ಲಿ ರೋಮಿನಲ್ಲಿ ಹತಳಾದ ತೆರೇಸಾ ಗುಲ್ಲಾಚೆ ಎಂಬ ಗೃಹಿಣಿ.

ಮುಂದೆ ಮಾನ್‌ಫ್ರೆಡಿಯೂ ಪಾದ್ರಿಯೂ ಸೆರೆಯಾಗುತ್ತಾರೆ. ಜೊತೆಗಾರರ ಹೆಸರು ಹೇಳೆಂದು ಮಾನ್‌ಫ್ರೆಡಿಗೆ ಚಿತ್ರಹಿಂಸೆ. ಜರ್ಮನ್ ಅಧಿಕಾರಿಯು ಪಾದ್ರಿಯೊಡನೆ, ‘ಇವನು ಕಮ್ಯೂನಿಸ್ಟ್, ನಿಮ್ಮ ಧರ್ಮದ ವೈರಿ’ ಎಂದು ಭೇದ ಹುಟ್ಟಿಸಲು ನೋಡುತ್ತಾನೆ. ನ್ಯಾಯಕ್ಕಾಗಿ ಹೋರಾಡುವವನು ದೇವರ ದಾರಿಯಲ್ಲೇ ನಡೆಯುತ್ತಾನೆಂಬುದು ಪಾದ್ರಿಯ ಉತ್ತರ. ಮಾನ್‌ಫ್ರೆಡಿ ಪ್ರಾಣ ಬಿಟ್ಟನು, ಹೆಸರು ಬಿಡಲಿಲ್ಲ. ಆಯುಧವಿಲ್ಲದವನಿಗೆ ಮೌನವೂ ಆಯುಧವಾಗಬಲ್ಲದು. ನಂಬಿಕೆ ಬೇರೆಯಾದರೂ ನ್ಯಾಯದಲ್ಲಿ ಜೊತೆ ನಿಲ್ಲಬಹುದು. ಚಿತ್ರದ ತಿರುಳು ಇದೇ ಎಂದು ನಾವು ಭಾವಿಸುತ್ತೇವೆ.

ಮಕ್ಕಳಿಗೂ ಇಲ್ಲಿ ಪಾತ್ರವುಂಟು. ರಾತ್ರಿ ಗುಟ್ಟಾಗಿ ಸ್ಫೋಟ ನಡೆಸಿ ಬಂದ ವೀರರಿಗೆ, ತಡವಾಗಿ ಮನೆಗೆ ಬಂದುದಕ್ಕೆ ಹೆತ್ತವರಿಂದ ಏಟು! ನಗು ಬರುತ್ತದೆ; ಆದರೆ ಆಟವಾಡಬೇಕಾದ ಕೈಗೆ ಬಾಂಬು ಬಂದುದು ಯುದ್ಧದ ಅತಿದೊಡ್ಡ ಕೇಡಲ್ಲವೆ?

ಕೊನೆಯಲ್ಲಿ ಪಾದ್ರಿಯನ್ನು ಕುರ್ಚಿಗೆ ಕಟ್ಟುತ್ತಾರೆ. ಇಟಲಿಯ ಸಿಪಾಯಿಗಳು ಗುರಿ ತಪ್ಪಿಸಿ ಗುಂಡು ಹಾರಿಸಲು, ಜರ್ಮನ್ ಅಧಿಕಾರಿಯೇ ಪಿಸ್ತೂಲಿನಿಂದ ಕೊಲ್ಲುತ್ತಾನೆ. ಬೇಲಿಯಾಚೆ ನಿಂತು ಸಿಳ್ಳೆಯಿಂದ ಅವರಿಗೆ ಧೈರ್ಯ ಕೊಟ್ಟ ಹುಡುಗರು, ತಲೆತಗ್ಗಿಸಿ ನಗರದತ್ತ ನಡೆಯುತ್ತಾರೆ. ದೂರದಲ್ಲಿ ಸಂತ ಪೀಟರರ ಇಗರ್ಜಿಯ ಗುಮ್ಮಟ ಕಾಣಿಸುತ್ತದೆ. ಹಿರಿಯರು ಅಳಿದರು, ಊರನ್ನು ಮತ್ತೆ ಕಟ್ಟುವ ಹೊಣೆ ಆ ಎಳೆಯರ ಹೆಗಲಿಗೆ ಬಂತು.